ಎನ್‌ಎಫ್‌ಎಲ್ ದಿಗ್ಗಜರ ಫ್ಯಾಂಟಸಿ ಡ್ರಾಫ್ಟ್: ಮೊದಲ ಸಲ ಕೂರುವವರಿಗೆ ಕೈಪಿಡಿ

"ಆಫೀಸಲ್ಲಿ ಎಲ್ಲರೂ ಸೇರಿ ಆಲ್‌ಟೈಮ್ ಡ್ರಾಫ್ಟ್ ಮಾಡ್ತಿದ್ದಾರೆ. ನಂಗೆ ಟಾಮ್ ಬ್ರೇಡಿ ಬಿಟ್ಟರೆ ಯಾರೂ ಗೊತ್ತಿಲ್ಲ. ಸೇರಿಕೊಳ್ಳಲಾ, ಬೇಡವಾ?"

ಅಮೆರಿಕದಲ್ಲಿರುವ ಓದುಗರಿಂದ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಅದೂ ಫೆಬ್ರವರಿಯಲ್ಲಿ, ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಫೈನಲ್ ಸೂಪರ್ ಬೌಲ್ ಮುಗಿದ ಮೇಲೆ. ಮುಂದಿನ ಸೀಸನ್‌ಗೆ ಸೆಪ್ಟೆಂಬರ್ ತನಕ ಕಾಯಬೇಕು, ಅಷ್ಟು ದಿನ ಸುಮ್ನೆ ಕೂರೋಕೆ ಆಗಲ್ಲ ಅನ್ನುವವರು ಹಳೇ ದಿಗ್ಗಜರನ್ನು ಹಂಚಿಕೊಂಡು ಆಡುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಸೇರಿಕೊಳ್ಳಿ. ಈ ಆಟದಲ್ಲಿ ಹೆಸರು ಜಾಸ್ತಿ ಗೊತ್ತಿರುವವರಿಗಿಂತ ನಿಯಮ ಸರಿಯಾಗಿ ಓದಿದವರು ಗೆಲ್ಲುತ್ತಾರೆ.

ಡ್ರಾಫ್ಟ್ ಅಂದರೆ ಸರದಿಯ ಪ್ರಕಾರ ಒಬ್ಬೊಬ್ಬರೂ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುವುದು. ಒಬ್ಬರು ತೆಗೆದುಕೊಂಡ ಆಟಗಾರ ಇನ್ನೊಬ್ಬರಿಗೆ ಸಿಗುವುದಿಲ್ಲ. ಚಿಕ್ಕಂದಿನಲ್ಲಿ ಬೀದಿ ಕ್ರಿಕೆಟ್‌ಗೆ ಇಬ್ಬರು ಕ್ಯಾಪ್ಟನ್‌ಗಳು ನಿಂತು "ಇವನು ನನಗೆ, ಅವನು ನಿನಗೆ" ಅಂತ ಟೀಮು ಹಂಚಿಕೊಳ್ಳುತ್ತಿದ್ದರಲ್ವಾ, ಅದೇ. ಫ್ಯಾಂಟಸಿ ಅಂದರೆ ಆ ಆಟಗಾರರು ನಿಜವಾದ ಪಂದ್ಯಗಳಲ್ಲಿ ಮಾಡಿದ ಸಾಧನೆಗೆ ನಿಮಗೆ ಪಾಯಿಂಟ್ ಸಿಗುವುದು. ಈ ಆಟ ಹುಟ್ಟಿದ್ದು 1962ರಲ್ಲಿ. ಓಕ್ಲ್ಯಾಂಡ್ ರೈಡರ್ಸ್ ತಂಡದಲ್ಲಿ ಸಣ್ಣ ಪಾಲು ಹೊಂದಿದ್ದ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು ನ್ಯೂಯಾರ್ಕಿನ ಹೋಟೆಲಿನಲ್ಲಿ ಕೂತು ನಿಯಮ ಬರೆದರು. ಮರುವರ್ಷ ಮೊದಲ ಡ್ರಾಫ್ಟ್ ನಡೆಯಿತು.

ಬೇಕಾಗುವ ಸಾಮಾನು

ಆರರಿಂದ ಹತ್ತು ಜನ. ಎಂಟು ಜನ ಇದ್ದರೆ ಹದವಾಗಿರುತ್ತದೆ. ಎಲ್ಲರಿಗೂ ಕಾಣುವ ಒಂದು ಗೂಗಲ್ ಶೀಟ್. ಅಂಕಿ ಅಂಶ ನೋಡಲು ಪ್ರೋ ಫುಟ್‌ಬಾಲ್ ರೆಫರೆನ್ಸ್ ಜಾಲತಾಣ, 1920ರ ದಶಕದ ಆಟಗಾರರಿಂದ ಹಿಡಿದು ಇವತ್ತಿನವರ ತನಕ ಅಲ್ಲಿ ಸಿಗುತ್ತಾರೆ. ಒಂದು ಟೈಮರ್. ಮತ್ತೆ ಎರಡು ಗಂಟೆ ಬಿಡುವು.

ಹಣ ಬೇಡ. ಭಾರತದಲ್ಲಿ ಕೂತು ಆಡುವವರು ಇದನ್ನು ಗಟ್ಟಿಯಾಗಿ ನೆನಪಿಡಿ: 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಸೋತವರು ಎಲ್ಲರಿಗೂ ಮನೇಲಿ ದೋಸೆ ಹುಯ್ಯಲಿ, ಸಾಕು.

1. ಜಾಗಗಳನ್ನು ತಿಳಿದುಕೊಳ್ಳಿ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಕಡೆ 11 ಜನ. ಫ್ಯಾಂಟಸಿಗೆ ಅವರೆಲ್ಲ ಬೇಕಿಲ್ಲ. ನಿಮ್ಮ ತಂಡದಲ್ಲಿ ಒಂಬತ್ತು ಜಾಗ ಇಟ್ಟುಕೊಳ್ಳಿ.

ಕ್ವಾರ್ಟರ್‌ಬ್ಯಾಕ್ ಒಬ್ಬ. ಚೆಂಡು ಎಸೆಯುವವನು, ಆಟದ ಸೂತ್ರ ಇವನ ಕೈಲಿ. ರನ್ನಿಂಗ್ ಬ್ಯಾಕ್ ಇಬ್ಬರು. ಚೆಂಡನ್ನು ಕಂಕುಳಲ್ಲಿ ಅಮುಕಿಕೊಂಡು ಗುಂಪಿನೊಳಗೆ ನುಗ್ಗುವವರು. ವೈಡ್ ರಿಸೀವರ್ ಇಬ್ಬರು. ದೂರ ಓಡಿ ಹೋಗಿ ಎಸೆದ ಚೆಂಡು ಹಿಡಿಯುವವರು. ಟೈಟ್ ಎಂಡ್ ಒಬ್ಬ. ಇವನು ಅರ್ಧ ಪೈಲ್ವಾನ, ಅರ್ಧ ರಿಸೀವರ್: ಎದುರಾಳಿಯನ್ನು ತಡೆಯಲೂ ಬೇಕು, ಚೆಂಡು ಹಿಡಿಯಲೂ ಬೇಕು. ಫ್ಲೆಕ್ಸ್ ಒಂದು, ಅಂದರೆ ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ ಇವರಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದಾದ ಜಾಗ. ಕಿಕ್ಕರ್ ಒಬ್ಬ, ಚೆಂಡು ಒದ್ದು ಪಾಯಿಂಟ್ ತರುವವನು. ಕೊನೆಗೆ ಡಿಫೆನ್ಸ್, ಅಂದರೆ ಒಂದು ವರ್ಷದ ಒಂದು ತಂಡದ ರಕ್ಷಣಾ ಪಡೆ ಇಡಿಯಾಗಿ.

ಡಿಫೆನ್ಸಿನಲ್ಲಿ ಒಬ್ಬೊಬ್ಬ ಆಟಗಾರನನ್ನು ಯಾಕೆ ಆರಿಸಬಾರದು ಅಂತ ಕೇಳುತ್ತೀರಿ. ಲಾರೆನ್ಸ್ ಟೇಲರ್, ರೆಜಿ ವೈಟ್, ಡಿಕ್ ಬಟ್ಕಸ್ ಅಂಥವರನ್ನು ಬಿಡಲು ಯಾರಿಗೂ ಮನಸ್ಸು ಬರಲ್ಲ ನಿಜ. ತೊಂದರೆ ಇರುವುದು ಅಂಕಿಯಲ್ಲಿ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಹಿಡಿದು ಕೆಡವುವುದಕ್ಕೆ ಸ್ಯಾಕ್ ಅನ್ನುತ್ತಾರೆ. ಎನ್‌ಎಫ್‌ಎಲ್ ಅದನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1982ರಲ್ಲಿ. ಅಧಿಕೃತ ದಾಖಲೆ ಬ್ರೂಸ್ ಸ್ಮಿತ್ ಹೆಸರಲ್ಲಿದೆ, 200. ಆದರೆ ಸ್ಯಾಕ್ ಎಂಬ ಮಾತನ್ನೇ ಚಾಲ್ತಿಗೆ ತಂದ ಡೀಕನ್ ಜೋನ್ಸ್ ಆಡಿದ್ದು 1961ರಿಂದ 1974ರ ತನಕ. ಅವನ ಅಧಿಕೃತ ಲೆಕ್ಕ ಸೊನ್ನೆ! ಇಂಥ ಲೆಕ್ಕ ಇಟ್ಟುಕೊಂಡು ಆಟ ಆಡಿದರೆ ಜಗಳ ಖಂಡಿತ.

2. ಯಾವ ಆಟಗಾರ ಅಂತಲ್ಲ, ಯಾವ ವರ್ಷದ ಆಟಗಾರ

ಹೆಚ್ಚಿನವರು ಎಡವುವುದು ಇಲ್ಲಿ. ಡ್ರಾಫ್ಟ್‌ಗೆ ಮೊದಲೇ ಕೇಳಿ: ಪೂರ್ತಿ ವೃತ್ತಿಜೀವನದ ಮೊತ್ತ ಲೆಕ್ಕಕ್ಕೋ, ಒಂದು ಸೀಸನ್ ಮಾತ್ರ ಲೆಕ್ಕಕ್ಕೋ?

ಎರಡಕ್ಕೂ ಭೂಮಿ ಆಕಾಶದಷ್ಟು ವ್ಯತ್ಯಾಸ. ಶಿಕಾಗೋ ಬೇರ್ಸ್‌ನ ರನ್ನಿಂಗ್ ಬ್ಯಾಕ್ ಗೇಲ್ ಸೇಯರ್ಸ್ ಆಡಿದ್ದು ಬರೀ 68 ಪಂದ್ಯ, ಮೊಣಕಾಲು ಕೈಕೊಟ್ಟಿತು. ಮೊತ್ತದ ಲೆಕ್ಕದಲ್ಲಿ ಅವನನ್ನು ಯಾರೂ ಮುಟ್ಟಲ್ಲ. ಆದರೆ 1965ರಲ್ಲಿ, ತನ್ನ ಮೊದಲ ಸೀಸನ್‌ನಲ್ಲೇ, 14 ಪಂದ್ಯಗಳಲ್ಲಿ 22 ಟಚ್‌ಡೌನ್ ಹೊಡೆದ. ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು, ಆರು ಪಾಯಿಂಟ್. ಎಮಿಟ್ ಸ್ಮಿತ್‌ನದು ಇದಕ್ಕೆ ಉಲ್ಟಾ: 18,355 ಯಾರ್ಡ್ ಓಟ, ಇವತ್ತಿಗೂ ಎನ್‌ಎಫ್‌ಎಲ್ ದಾಖಲೆ. ಮೊತ್ತದ ಲೆಕ್ಕದಲ್ಲಿ ಅವನು ರಾಜ.

ನನ್ನ ಸಲಹೆ, ಒಂದು ಸೀಸನ್. ಮೊತ್ತದ ಲೆಕ್ಕ ಇಟ್ಟರೆ ಎಲ್ಲರೂ ಜೆರ್ರಿ ರೈಸ್, ಎಮಿಟ್ ಸ್ಮಿತ್, ಟಾಮ್ ಬ್ರೇಡಿ ಅಂತ ದಾಖಲೆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗುತ್ತಾರೆ. ಒಂದು ಸೀಸನ್ ಆದರೆ ಹುಡುಕಬೇಕಾಗುತ್ತದೆ. ಮಜಾ ಇರುವುದೇ ಹುಡುಕಾಟದಲ್ಲಿ.

ಜೊತೆಗೆ ಇನ್ನೊಂದು ನಿಯಮ ಬರೆದಿಡಿ: ಒಬ್ಬ ಆಟಗಾರನ ಒಂದು ವರ್ಷ ಹೋದರೆ ಅವನ ಎಲ್ಲ ವರ್ಷಗಳೂ ಹೋದಂತೆ. ನಾವು ಮೊದಲ ಸಲ ಆಡಿದಾಗ ಇದನ್ನು ಬರೆದಿರಲಿಲ್ಲ. ಮೂವರ ತಂಡದಲ್ಲಿ ಮೂರು ಜೆರ್ರಿ ರೈಸ್ ಇದ್ದರು.

3. ಪಾಯಿಂಟ್ ಪದ್ಧತಿ ಬರೆದಿಡಿ

ಯಾರ್ಡ್ ಅಂದರೆ ನಮ್ಮ ಗಜ, ಮೂರು ಅಡಿ. ಸಾಮಾನ್ಯ ಪದ್ಧತಿ ಹೀಗಿದೆ:

ಎಸೆತದಲ್ಲಿ 25 ಯಾರ್ಡ್‌ಗೆ 1 ಪಾಯಿಂಟ್
ಎಸೆತದಿಂದ ಬಂದ ಟಚ್‌ಡೌನ್‌ಗೆ ಎಸೆದವನಿಗೆ 4
ಇಂಟರ್‌ಸೆಪ್ಷನ್‌ಗೆ, ಅಂದರೆ ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ಕರೆ, ಮೈನಸ್ 2
ಓಟದಲ್ಲಿ ಅಥವಾ ಹಿಡಿತದಲ್ಲಿ 10 ಯಾರ್ಡ್‌ಗೆ 1
ಓಡಿ ಅಥವಾ ಹಿಡಿದು ಹೊಡೆದ ಟಚ್‌ಡೌನ್‌ಗೆ 6

ಇದರ ಮೇಲೆ ಪಿಪಿಆರ್ ಅನ್ನುವುದೊಂದಿದೆ. ಹಿಡಿದ ಪ್ರತಿ ಚೆಂಡಿಗೂ ಒಂದು ಪಾಯಿಂಟ್ ಹೆಚ್ಚುವರಿ. ಇದು ಬಂದರೆ ಇತ್ತೀಚಿನವರಿಗೆ ಅನುಕೂಲ, ಏಕೆಂದರೆ ಈಗಿನ ಆಟದಲ್ಲಿ ಎಸೆತವೇ ಜಾಸ್ತಿ. ಕೂಪರ್ ಕಪ್ 2021ರಲ್ಲಿ 145 ಚೆಂಡು ಹಿಡಿದ. ಹಳಬರಿಗೂ ಜಾಗ ಇರಲಿ ಅಂದರೆ ಪಿಪಿಆರ್ ಬಿಡಿ. ಕೆಳಗಿನ ಲೆಕ್ಕಗಳಲ್ಲಿ ನಾನು ಅದನ್ನು ಸೇರಿಸಿಲ್ಲ. ಚೆಂಡು ಕೈಜಾರಿಸಿದ್ದಕ್ಕೆ ಕಳೆಯುವ ಪಾಯಿಂಟನ್ನೂ ಬಿಟ್ಟಿದ್ದೇನೆ, ಹಳೇ ವರ್ಷಗಳಿಗೆ ಅದನ್ನು ಹುಡುಕುವುದು ತಲೆನೋವು.

4. ಒಟ್ಟು ಪಾಯಿಂಟ್ ಬೇಡ, ಪಂದ್ಯಕ್ಕೆಷ್ಟು ನೋಡಿ

ಈ ಹಂತಕ್ಕೆ ಸ್ವಲ್ಪ ಸಮಯ ಕೊಡಿ. ಇಡೀ ಡ್ರಾಫ್ಟ್ ಗೆಲ್ಲುವುದು ಇಲ್ಲೇ.

ಎನ್‌ಎಫ್‌ಎಲ್ ಸೀಸನ್‌ನಲ್ಲಿ ಪಂದ್ಯಗಳ ಸಂಖ್ಯೆ ಒಂದೇ ಸಮ ಇರಲಿಲ್ಲ. 1947ರಿಂದ 1960ರ ತನಕ ಒಂದು ತಂಡಕ್ಕೆ 12 ಪಂದ್ಯ. 1961ರಿಂದ 14. 1978ರಿಂದ 16. 2021ರಿಂದ 17. ಹಾಗಾಗಿ ಒಟ್ಟು ಯಾರ್ಡ್ ನೋಡಿ ಆರಿಸಿದರೆ ಹೊಸಬರೇ ಮೇಲೆ ಬರುತ್ತಾರೆ. ಒಟ್ಟು ಪಾಯಿಂಟನ್ನು ಅವನು ಆಡಿದ ಪಂದ್ಯಗಳಿಂದ ಭಾಗಿಸಿ.

ರಿಸೀವರ್‌ಗಳನ್ನೇ ತೆಗೆದುಕೊಳ್ಳಿ. ರ‍್ಯಾಂಡಿ ಮಾಸ್ 2007ರಲ್ಲಿ 23 ಟಚ್‌ಡೌನ್ ಹಿಡಿದ, ಅದು ದಾಖಲೆ. 1,493 ಯಾರ್ಡ್. ಲೆಕ್ಕ ಹಾಕಿ: 149.3 ಮತ್ತು 138, ಒಟ್ಟು 287.3. ಹದಿನಾರು ಪಂದ್ಯ, ಪಂದ್ಯಕ್ಕೆ 18.

ಜೆರ್ರಿ ರೈಸ್ 1987ರಲ್ಲಿ 22 ಟಚ್‌ಡೌನ್ ಹಿಡಿದ, 1,078 ಯಾರ್ಡ್. ಒಟ್ಟು 239.8. ಮಾಸ್‌ಗಿಂತ ಸುಮಾರು ಐವತ್ತು ಕಡಿಮೆ. ಆದರೆ ಆ ವರ್ಷ ಆಟಗಾರರ ಮುಷ್ಕರ ನಡೆದಿತ್ತು, ರೈಸ್ ಆಡಿದ್ದು 12 ಪಂದ್ಯ ಮಾತ್ರ. ಪಂದ್ಯಕ್ಕೆ 20.

ಈಗ ಇನ್ನೂ ಹಿಂದೆ ಹೋಗಿ. ಗ್ರೀನ್ ಬೇ ಪ್ಯಾಕರ್ಸ್‌ನ ಡಾನ್ ಹಟ್ಸನ್, 1942. 1,211 ಯಾರ್ಡ್, 17 ಟಚ್‌ಡೌನ್, 11 ಪಂದ್ಯ. ಪಂದ್ಯಕ್ಕೆ 20.3. ಯುದ್ಧಕಾಲದಲ್ಲಿ ಒಳ್ಳೊಳ್ಳೆ ಆಟಗಾರರೆಲ್ಲ ಸೈನ್ಯಕ್ಕೆ ಹೋಗಿದ್ದರು, ಎದುರಾಳಿ ದುರ್ಬಲ ಅಂತ ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ. ಶೀಟ್‌ಗೆ ಅದು ಗೊತ್ತಿಲ್ಲ.

ಇವರೆಲ್ಲರಿಗಿಂತ ಮೇಲಿರುವವನ ಹೆಸರು ನಿಮ್ಮ ಮೇಜಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಲಾಸ್ ಏಂಜಲೀಸ್ ರಾಮ್ಸ್‌ನ ಎಲ್‌ರಾಯ್ ಹರ್ಷ್. ಓಡುವಾಗ ಕಾಲುಗಳು ಒಂದೊಂದು ದಿಕ್ಕಿಗೆ ಹೋಗುತ್ತಿದ್ದವು ಅಂತ "ಕ್ರೇಜಿ ಲೆಗ್ಸ್" ಎಂದೇ ಅಡ್ಡಹೆಸರು. 1951ರಲ್ಲಿ 12 ಪಂದ್ಯ, 1,495 ಯಾರ್ಡ್, 17 ಟಚ್‌ಡೌನ್. ಪಂದ್ಯಕ್ಕೆ 21. ಮಾಸ್‌ನನ್ನು ಮೊದಲ ಸುತ್ತಿನಲ್ಲೇ ಯಾರೋ ಎತ್ತಿಕೊಂಡು ಹೋಗುತ್ತಾರೆ, ಬಿಡಿ. ಹರ್ಷ್ ನಾಲ್ಕನೇ ಸುತ್ತಿನ ತನಕ ನಿಮಗಾಗಿ ಕಾದಿರುತ್ತಾನೆ.

ಒಬ್ಬನೇ ಆಟಗಾರನಲ್ಲೂ ವರ್ಷ ಹುಡುಕಬೇಕು. ರನ್ನಿಂಗ್ ಬ್ಯಾಕ್ ಜಿಮ್ ಬ್ರೌನ್ ಅಂದ ತಕ್ಷಣ ಎಲ್ಲರೂ 1963 ಅನ್ನುತ್ತಾರೆ, ಆ ವರ್ಷ 1,863 ಯಾರ್ಡ್ ಓಡಿದ್ದ. ಹಿಡಿತವೂ ಸೇರಿ ಒಟ್ಟು 2,131 ಯಾರ್ಡ್, 15 ಟಚ್‌ಡೌನ್. ಪಂದ್ಯಕ್ಕೆ 21.7. ಅದೇ 1965ರಲ್ಲಿ ಓಟ 1,544 ಯಾರ್ಡ್ ಅಷ್ಟೇ, ಆದರೆ ಟಚ್‌ಡೌನ್ 21. ಪಂದ್ಯಕ್ಕೆ 22.4. ಇನ್ನೂ ಹಿಂದಕ್ಕೆ 1958ಕ್ಕೆ ಹೋದರೆ 12 ಪಂದ್ಯಗಳಲ್ಲಿ 1,527 ಯಾರ್ಡ್ ಓಟ, 138 ಯಾರ್ಡ್ ಹಿಡಿತ, 18 ಟಚ್‌ಡೌನ್. ಪಂದ್ಯಕ್ಕೆ 22.9. ಅವನ ಹೆಸರಾಂತ ವರ್ಷವೇ ಈ ಮೂರರಲ್ಲಿ ಕಡಿಮೆ!

ಎಚ್ಚರಿಕೆ: ಎರಡು ಮೂರು ಪಂದ್ಯ ಮಾತ್ರ ಆಡಿ ಭಾರೀ ಸರಾಸರಿ ಮಾಡಿದವರನ್ನು ಯಾರೋ ಜಾಣರು ಹುಡುಕಿ ತರುತ್ತಾರೆ. ಕನಿಷ್ಠ ಹತ್ತು ಪಂದ್ಯ ಆಡಿರಬೇಕು ಅಂತ ಮೊದಲೇ ಬರೆದುಬಿಡಿ.

5. ಎರಡೆರಡು ಕೆಲಸ ಮಾಡಿದವರ ಬಗ್ಗೆ ತೀರ್ಮಾನ ಮಾಡಿ

1950ಕ್ಕೆ ಮೊದಲು ಬಹಳಷ್ಟು ಕಾಲ ಆಟಗಾರರನ್ನು ಬೇಕೆಂದಾಗ ಬದಲಾಯಿಸುವ ಹಾಗಿರಲಿಲ್ಲ. ದಾಳಿಗೂ ಅವನೇ, ರಕ್ಷಣೆಗೂ ಅವನೇ, ಚೆಂಡು ಒದೆಯಲೂ ಅವನೇ. ವಾಷಿಂಗ್ಟನ್ ತಂಡದ ಸ್ಯಾಮಿ ಬಾ 1943ರಲ್ಲಿ ಎಸೆತದಲ್ಲಿ, ಪಂಟ್ ಒದೆಯುವುದರಲ್ಲಿ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು), ಎದುರಾಳಿಯ ಚೆಂಡು ಕಸಿಯುವುದರಲ್ಲಿ ಮೂರರಲ್ಲೂ ಲೀಗಿಗೇ ಮೊದಲಿಗ.

ಇದು ಹಳೇ ಕಥೆ ಅಂತ ಬಿಟ್ಟರೆ ಡ್ರಾಫ್ಟ್ ಮಧ್ಯೆ ಪೇಚಿಗೆ ಸಿಗುತ್ತೀರಿ. ಪ್ಯಾಕರ್ಸ್‌ನ ಪಾಲ್ ಹೋರ್ನಂಗ್ 1960ರಲ್ಲಿ 12 ಪಂದ್ಯಗಳಲ್ಲಿ 176 ಪಾಯಿಂಟ್ ಗಳಿಸಿದ. ಇದು ಫ್ಯಾಂಟಸಿ ಲೆಕ್ಕ ಅಲ್ಲ, ನಿಜವಾದ ಸ್ಕೋರ್‌ಬೋರ್ಡಿನ ಪಾಯಿಂಟ್. ಅದರಲ್ಲಿ 90 ಟಚ್‌ಡೌನ್‌ಗಳಿಂದ, 86 ಒದೆತದಿಂದ. ಅವನನ್ನು ರನ್ನಿಂಗ್ ಬ್ಯಾಕ್ ಜಾಗದಲ್ಲಿ ಕೂರಿಸಿ ಒದೆತವನ್ನೂ ಸೇರಿಸಿಕೊಂಡರೆ ಪಂದ್ಯಕ್ಕೆ 22.4, ಜಿಮ್ ಬ್ರೌನ್‌ನ 1965ಕ್ಕೆ ಸರಿಸಮ. ಒದೆತ ಬಿಟ್ಟರೆ 15.2. ಒಂದು ನಿಯಮದಿಂದ ಏಳು ಪಾಯಿಂಟ್ ವ್ಯತ್ಯಾಸ.

ಜಗಳ ಬೇಡ ಅಂದರೆ ಹೀಗೆ ಬರೆಯಿರಿ: ಆಟಗಾರ ಯಾವ ಜಾಗದಲ್ಲಿ ಕೂತಿದ್ದಾನೋ ಆ ಜಾಗದ ಕೆಲಸಕ್ಕಷ್ಟೇ ಪಾಯಿಂಟ್. ಒಂದು ವಿನಾಯಿತಿ ಕೊಡಬಹುದು. ಎದುರಾಳಿ ಒದ್ದ ಚೆಂಡನ್ನು ಹಿಡಿದು ಓಡಿ ಹೊಡೆದ ಟಚ್‌ಡೌನ್ ಯಾರಿಗಾದರೂ ಲೆಕ್ಕಕ್ಕಿರಲಿ. ಇಲ್ಲದಿದ್ದರೆ ಸೇಯರ್ಸ್ ತರದವರಿಗೆ ಅನ್ಯಾಯ.

ಇನ್ನೊಂದು ತಕರಾರು ಬೇರೆ ಲೀಗ್‌ಗಳದ್ದು. ಎಎಫ್‌ಎಲ್ ಅನ್ನುವ ಲೀಗ್ 1970ರಲ್ಲಿ ಎನ್‌ಎಫ್‌ಎಲ್ ಜೊತೆ ಒಂದಾಯಿತು, ಅದನ್ನು ಎಲ್ಲರೂ ಒಪ್ಪುತ್ತಾರೆ. 1946ರಿಂದ 1949ರ ತನಕ ನಡೆದ ಎಎಎಫ್‌ಸಿ ಎಂಬ ಇನ್ನೊಂದು ಲೀಗ್ ವಿಷಯದಲ್ಲಿ ಮಾತ್ರ ವಾದ ಬರುತ್ತದೆ. ಕ್ವಾರ್ಟರ್‌ಬ್ಯಾಕ್ ಆಟೋ ಗ್ರಹಾಂ ಹತ್ತು ಸೀಸನ್ ಆಡಿ ಹತ್ತರಲ್ಲೂ ಫೈನಲ್ ತಲುಪಿ ಏಳು ಗೆದ್ದ ಅನ್ನುವ ಮಾತಿನಲ್ಲಿ ನಾಲ್ಕು ಪ್ರಶಸ್ತಿ ಆ ಲೀಗಿನವು. ಸೇರಿಸಿಕೊಳ್ಳಿ, ಅಥವಾ ಬಿಡಿ. ಡ್ರಾಫ್ಟ್ ಶುರುವಾಗುವ ಮೊದಲು ಹೇಳಿಬಿಡಿ, ಅಷ್ಟೇ.

6. ಹೊಸಬರು ಹಳಬರ ತಕ್ಕಡಿ

1977ರಲ್ಲಿ ಎನ್‌ಎಫ್‌ಎಲ್‌ನಲ್ಲಿ ಸ್ಕೋರ್ ತೀರಾ ಕೆಳಗಿಳಿದಿತ್ತು. ಮರುವರ್ಷ ನಿಯಮ ಬದಲಾಯಿಸಿದರು. ರಿಸೀವರ್‌ನನ್ನು ಆಟ ಶುರುವಾಗುವ ಗೆರೆಯಿಂದ ಐದು ಯಾರ್ಡ್ ಆಚೆಗೆ ತಳ್ಳುವ, ಹೊಡೆಯುವ ಹಾಗಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು ಕೈ ಚಾಚಿ ತಡೆಯಬಹುದು. ಅಲ್ಲಿಂದ ಎಸೆತದ ಅಂಕಿಗಳೆಲ್ಲ ಏರುತ್ತಾ ಹೋದವು. 1984ರಲ್ಲಿ ಡ್ಯಾನ್ ಮರಿನೋ 5,084 ಯಾರ್ಡ್ ಎಸೆದಾಗ ಜನ ಬೆರಗಾದರು. ಈಗ ಐದು ಸಾವಿರ ದಾಟಿದವರ ಪಟ್ಟಿಯೇ ಇದೆ.

ಹಾಗಾಗಿ 1959ರ ಜಾನಿ ಯೂನೈಟಸ್ ಈ ಪದ್ಧತಿಯಲ್ಲಿ ಬಡವನಾಗುತ್ತಾನೆ. 12 ಪಂದ್ಯ, 2,899 ಯಾರ್ಡ್, 32 ಟಚ್‌ಡೌನ್, 14 ಇಂಟರ್‌ಸೆಪ್ಷನ್. ಎಸೆತದಿಂದ ಪಂದ್ಯಕ್ಕೆ 18. ಅವನ ಕಾಲಕ್ಕೆ ಅದು ಬೆಟ್ಟದಂಥ ಆಟ. ಈ ಅನ್ಯಾಯವನ್ನು ಸರಿ ಮಾಡಲು ಗಣಿತ ಬೆಳೆಸುತ್ತಾ ಹೋಗಬಹುದು, ಆ ಕಾಲದ ಸರಾಸರಿಗೆ ಹೋಲಿಸಬಹುದು. ನಾನಂತೂ ಬೇಡ ಅನ್ನುತ್ತೇನೆ. ಸಂಜೆ ಆಟಕ್ಕೆ ಕೂತವರ ಮುಂದೆ ಸೂತ್ರ ಬಿಡಿಸಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ಬದಲಿಗೆ ಒಂದು ಸಾಲಿನ ನಿಯಮ ಸಾಕು: ಪ್ರತಿ ತಂಡದಲ್ಲಿ ಮೂರು ಜನ 1978ಕ್ಕೆ ಮೊದಲಿನ ಸೀಸನ್‌ನವರಿರಬೇಕು. ಆಗ ಎಲ್ಲರೂ ಹಳೇ ಪುಟ ತಿರುವುತ್ತಾರೆ.

7. ಸರದಿ

ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಆಮೇಲೆ ಸ್ನೇಕ್ ಪದ್ಧತಿ, ಅಂದರೆ ಹಾವಿನ ನಡೆ. ಮೊದಲ ಸುತ್ತು ಒಂದರಿಂದ ಎಂಟರ ತನಕ, ಎರಡನೆಯದು ಎಂಟರಿಂದ ಒಂದಕ್ಕೆ ವಾಪಸ್. ಎಂಟನೇ ಚೀಟಿ ಬಂತು ಅಂತ ಮುಖ ಸಣ್ಣ ಮಾಡಬೇಡಿ. ನಿಮಗೆ 8 ಮತ್ತು 9, ಎರಡು ಬೆನ್ನಿಗೆ ಬೆನ್ನಿಗೆ ಸಿಗುತ್ತವೆ. ಒಂದನೇ ಚೀಟಿಯವರಿಗೆ ಮುಂದಿನ ಸರದಿ 16ಕ್ಕೆ. ಅಷ್ಟರಲ್ಲಿ 14 ಜನ ಕೈಬಿಟ್ಟು ಹೋಗಿರುತ್ತಾರೆ.

ಹರಾಜು ಪದ್ಧತಿಯೂ ಇದೆ. ಎಲ್ಲರಿಗೂ 200 ಡಾಲರ್ ಆಟದ ದುಡ್ಡು ಕೊಟ್ಟು ಐಪಿಎಲ್ ಹರಾಜಿನಂತೆ ಕೂಗುವುದು. ಮಜಾ ಇದೆ, ಆದರೆ ಮೊದಲ ಸಲದವರಿಗೆ ಬೇಡ. ರಾತ್ರಿ ಹನ್ನೆರಡಾದರೂ ಮುಗಿಯಲ್ಲ.

ಒಂದು ಆಯ್ಕೆಗೆ ಒಂದೂವರೆ ನಿಮಿಷ. ಎಂಟು ಜನ, ಒಂಬತ್ತು ಜಾಗ, 72 ಆಯ್ಕೆ. ಎರಡು ಗಂಟೆಯೊಳಗೆ ಮುಗಿಯುತ್ತದೆ.

8. ಯಾರನ್ನು ಮೊದಲು, ಯಾರನ್ನು ಆಮೇಲೆ

ಹೊಸಬರು ಮಾಡುವ ದೊಡ್ಡ ತಪ್ಪು, ಮೊದಲ ಸುತ್ತಿನಲ್ಲೇ ಕ್ವಾರ್ಟರ್‌ಬ್ಯಾಕ್ ತೆಗೆದುಕೊಳ್ಳುವುದು. ಹೆಸರು ಗೊತ್ತಿರುವುದು ಅವರದೇ ಅಲ್ವಾ. ಆದರೆ ಲೆಕ್ಕ ನೋಡಿ.

ಪೇಟನ್ ಮ್ಯಾನಿಂಗ್, 2013: 5,477 ಯಾರ್ಡ್, 55 ಟಚ್‌ಡೌನ್, 10 ಇಂಟರ್‌ಸೆಪ್ಷನ್. ಎಸೆತದಿಂದ ಮಾತ್ರ 419. ಪ್ಯಾಟ್ರಿಕ್ ಮಹೋಮ್ಸ್, 2018: 50 ಟಚ್‌ಡೌನ್, ಜೊತೆಗೆ ಸ್ವಲ್ಪ ಓಟ. ಒಟ್ಟು 419. ಲಮಾರ್ ಜಾಕ್ಸನ್, 2019: ಎಸೆತ ಬರೀ 3,127 ಯಾರ್ಡ್, ಆದರೆ ಓಟ 1,206. ಒಟ್ಟು? 419 ಮತ್ತು ಚಿಲ್ಲರೆ! ಮೂವರೂ ಒಂದೇ ಕಡೆ ಬಂದು ನಿಂತರು. ಜಾಕ್ಸನ್ ಆಡಿದ್ದು 15 ಪಂದ್ಯ, ಹಾಗಾಗಿ ಪಂದ್ಯಕ್ಕೆ 28. ಉಳಿದಿಬ್ಬರದು 26ರ ಆಸುಪಾಸು. ಏರನ್ ರಾಜರ್ಸ್‌ನ 2011 ಕೂಡ 26ರ ಮೇಲೆ. ಬ್ರೇಡಿಯ 2007 ಸುಮಾರು 25. ಡ್ರೂ ಬ್ರೀಸ್‌ನ 2011, 24ರ ಮೇಲೆ. ಎಂಟು ಜನಕ್ಕೆ ಬೇಕಾದ್ದು ಎಂಟೇ ಕ್ವಾರ್ಟರ್‌ಬ್ಯಾಕ್. ಕೊನೆಗೆ ಉಳಿದವನೂ ಒಳ್ಳೆಯವನೇ.

ರನ್ನಿಂಗ್ ಬ್ಯಾಕ್ ಹಾಗಲ್ಲ. ಎಂಟು ತಂಡಕ್ಕೆ ಹದಿನಾರು ಬೇಕು, ಫ್ಲೆಕ್ಸ್ ಸೇರಿದರೆ ಇನ್ನೂ ಜಾಸ್ತಿ. ತುದಿಯಲ್ಲಿ ಬೆರಳೆಣಿಕೆಯಷ್ಟು ಜನ ಮಾತ್ರ ಇದ್ದಾರೆ. ಲಡೇನಿಯನ್ ಟಾಮ್ಲಿನ್‌ಸನ್ 2006ರಲ್ಲಿ 31 ಟಚ್‌ಡೌನ್ ಹೊಡೆದ, ಓಟ ಹಿಡಿತ ಸೇರಿ 2,323 ಯಾರ್ಡ್. ಒಟ್ಟು 418, ಪಂದ್ಯಕ್ಕೆ 26.1. ಮೊದಲ ಸರದಿ ಸಿಕ್ಕ ಎಲ್ಲರೂ ಅವನ ಹೆಸರು ಹೇಳುತ್ತಾರೆ. ಆದರೆ ಮಾರ್ಷಲ್ ಫಾಕ್ 2000ದಲ್ಲಿ ಬರೀ 14 ಪಂದ್ಯ ಆಡಿ 26 ಟಚ್‌ಡೌನ್, 2,189 ಯಾರ್ಡ್ ಮಾಡಿದ. ಪಂದ್ಯಕ್ಕೆ 26.8. ಜಿಮ್ ಬ್ರೌನ್‌ನ 23 ಕೂಡ ಇವರಿಗಿಂತ ಕೆಳಗೆ, ಅಲ್ಲಿಂದ ಇಳಿಜಾರು.

ಹಾಗಾಗಿ ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿ: ಈಗ ಸಿಗುವವನಿಗೂ ಕೊನೇ ಸುತ್ತಿನಲ್ಲಿ ಸಿಗುವವನಿಗೂ ಎಷ್ಟು ಅಂತರ? ಅಂತರ ಜಾಸ್ತಿ ಇರುವ ಜಾಗ ಮೊದಲು ತುಂಬಿ. ಟೈಟ್ ಎಂಡ್‌ನಲ್ಲಿ ರಾಬ್ ಗ್ರಾಂಕೌಸ್ಕಿಯ 2011 ಪಂದ್ಯಕ್ಕೆ 14.7, ಟ್ರಾವಿಸ್ ಕೆಲ್ಸಿಯ 2020 ಹದಿನಾಲ್ಕಕ್ಕೆ ಹತ್ತಿರ, ಮೈಕ್ ಡಿಟ್ಕಾನ 1961 ಸುಮಾರು 12.8. ಕೆಳಗೆ ಹೋದಂತೆ ಹತ್ತರ ಕಡೆಗೆ ಜಾರುತ್ತದೆ. ಪಾಯಿಂಟ್ ಚಿಕ್ಕದಾಗಿ ಕಾಣುತ್ತದೆ, ಆದರೆ ಅಂತರ ಕ್ವಾರ್ಟರ್‌ಬ್ಯಾಕ್‌ನಲ್ಲಿ ಇರುವುದಕ್ಕಿಂತ ಕಡಿಮೆ ಏನಲ್ಲ. ಡಿಟ್ಕಾ 1978ಕ್ಕೆ ಮೊದಲಿನವನೂ ಹೌದು, ಆ ನಿಯಮಕ್ಕೂ ಒದಗುತ್ತಾನೆ.

ಕಿಕ್ಕರ್ ಕೊನೇ ಸುತ್ತಿಗೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

9. ಡಿಫೆನ್ಸ್‌ನಲ್ಲಿ ಹೆಸರಿಗೆ ಮರುಳಾಗಬೇಡಿ

ಪಂದ್ಯಕ್ಕೆ ಎಷ್ಟು ಪಾಯಿಂಟ್ ಬಿಟ್ಟುಕೊಟ್ಟರು, ಅದೊಂದನ್ನೇ ಅಳತೆ ಮಾಡಿ. 15ರಿಂದ ಆ ಸಂಖ್ಯೆ ಕಳೆದರೆ ನಿಮ್ಮ ಪಾಯಿಂಟ್, ಸರಳ.

ಎಲ್ಲರ ಬಾಯಲ್ಲಿರುವುದು 1985ರ ಶಿಕಾಗೋ ಬೇರ್ಸ್. 16 ಪಂದ್ಯಗಳಲ್ಲಿ 198 ಬಿಟ್ಟುಕೊಟ್ಟರು, ಪಂದ್ಯಕ್ಕೆ 12.4. 2000ದ ಬಾಲ್ಟಿಮೋರ್ ರೇವನ್ಸ್ ಅದಕ್ಕಿಂತ ಗಟ್ಟಿ: 165, ಪಂದ್ಯಕ್ಕೆ 10.3. 1976ರ ಪಿಟ್ಸ್‌ಬರ್ಗ್ ಸ್ಟೀಲರ್ಸ್ 14 ಪಂದ್ಯಗಳಲ್ಲಿ 138, ಅದರಲ್ಲಿ ಕೊನೆಯ ಒಂಬತ್ತು ಪಂದ್ಯ ಸೇರಿ ಕೊಟ್ಟಿದ್ದು ಬರೀ 28. ಪಂದ್ಯಕ್ಕೆ 9.9.

ಇವರನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಡಿ. 1977ರ ಅಟ್ಲಾಂಟಾ ಫಾಲ್ಕನ್ಸ್ ಬಿಟ್ಟುಕೊಟ್ಟಿದ್ದು 129, ಪಂದ್ಯಕ್ಕೆ 9.2. ಏಳು ಗೆದ್ದು ಏಳು ಸೋತ ತಂಡ, ಹಾಗಾಗಿ ಯಾರಿಗೂ ನೆನಪಿಲ್ಲ. ಎಂಟನೇ ಸುತ್ತಿನಲ್ಲಿ ಅವರ ಹೆಸರು ಹೇಳಿ, ಮೇಜಿನ ಸುತ್ತ ಎಲ್ಲರೂ ಫೋನ್ ತೆಗೆಯುತ್ತಾರೆ.

10. ಆಡುವುದು ಹೇಗೆ

ಎಲ್ಲ ಮುಗಿದ ಸೀಸನ್‌ಗಳು. ಸರಾಸರಿ ಕೂಡಿಸಿದರೆ ಡ್ರಾಫ್ಟ್ ಮುಗಿದ ನಿಮಿಷವೇ ಯಾರು ಗೆದ್ದರು ಅಂತ ಗೊತ್ತಾಗುತ್ತದೆ. ಅದು ಸಪ್ಪೆ. ಅದಕ್ಕೆ ಚೀಟಿ ಇಡಿ.

ಪ್ರತಿ ವಾರ ಇಬ್ಬಿಬ್ಬರ ನಡುವೆ ಪಂದ್ಯ. ಡಬ್ಬಿಯಿಂದ ಒಂದು ಸಂಖ್ಯೆ ಎತ್ತಿ. 7 ಬಂದರೆ ನಿಮ್ಮ ಪ್ರತಿ ಆಟಗಾರನೂ ಆ ಸೀಸನ್‌ನ ತನ್ನ ಏಳನೇ ಪಂದ್ಯದಲ್ಲಿ ಮಾಡಿದ್ದೇ ನಿಮ್ಮ ಪಾಯಿಂಟ್. ಹಳಬರಿಗೆ ಪಂದ್ಯವಾರು ಅಂಕಿ ಸಿಗದಿದ್ದರೆ ಸರಾಸರಿ ಹಾಕಿ. ಎತ್ತಿದ ಚೀಟಿ ಮತ್ತೆ ಡಬ್ಬಿಗೆ ಬೇಡ.

ಡಬ್ಬಿಯಲ್ಲಿ ಎಷ್ಟು ಚೀಟಿ ಅನ್ನುವುದನ್ನು ಡ್ರಾಫ್ಟ್‌ಗೆ ಮೊದಲೇ ತೀರ್ಮಾನಿಸಿ. ದಯವಿಟ್ಟು. ಹಟ್ಸನ್ ತೆಗೆದುಕೊಂಡವರು 11 ಸಾಕು ಅನ್ನುತ್ತಾರೆ, ಹರ್ಷ್ ಇರುವವರು 12. ಸೇಯರ್ಸ್ ಇರುವವರು ಮಾತ್ರ 14 ಬೇಕೇ ಬೇಕು ಅಂತ ಪಟ್ಟು ಹಿಡಿಯುತ್ತಾರೆ. ಕಾರಣ ಇದೆ. 1965ರ ಡಿಸೆಂಬರ್ 12ರಂದು ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ, ಎಲ್ಲರೂ ಜಾರಿ ಬೀಳುತ್ತಿದ್ದ ಕೆಸರಿನಲ್ಲಿ, ಸೇಯರ್ಸ್ ಒಬ್ಬನೇ ಆರು ಟಚ್‌ಡೌನ್ ಹೊಡೆದ. ಅದು ಆ ಸೀಸನ್‌ನ 13ನೇ ಪಂದ್ಯ.